ತಾರಸಿಯ ಮೇಲೆ ಪೂರ್ವ ಹುಡುಕುವುದು ಹೇಗೆ?

ನಮ್ಮ ಭಾವಮೈದ ಬನಶಂಕರಿ ಕಡೆ ಮನೆ ಕಟ್ಟಿಸುವಾಗ ದೇವರ ಕೋಣೆಯ ಗೋಡೆಯನ್ನು ಎರಡು ಸಲ ಒಡೆಸಿದ. ಮೊದಲನೇ ಸಲ ಅವನ ಮೊಬೈಲಿನ ದಿಕ್ಸೂಚಿ ಒಂದು ಪೂರ್ವ ತೋರಿಸಿತ್ತು. ಗೋಡೆ ಎದ್ದ ಮೇಲೆ ವಾಸ್ತು ನೋಡಲು ಬಂದವರ ಮೊಬೈಲು ಇನ್ನೊಂದು ತೋರಿಸಿತು. ಅದೇ ಜಾಗದಲ್ಲಿ ನಿಂತು ನನ್ನದನ್ನೂ ತೆರೆದೆ, ಮೂರನೆಯ ಪೂರ್ವ ಸಿಕ್ಕಿತು.

ಮೊಬೈಲಿನ ತಪ್ಪು ದೊಡ್ಡದೇನಲ್ಲ. ಅದರೊಳಗಿರುವುದು ಅಯಸ್ಕಾಂತದ ಸೆಳೆತವನ್ನು ಅಳೆಯುವ ಚಿಪ್ಪು. ಕಾಲಡಿಯ ಸ್ಲ್ಯಾಬಿನಲ್ಲಿ ಕಂಬಿಯ ಜಾಲ, ಪಕ್ಕದಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಮೊಬೈಲಿನ ಫ್ಲಿಪ್ ಕವರಿನಲ್ಲೇ ಒಂದು ಅಯಸ್ಕಾಂತ. ಇಷ್ಟರ ನಡುವೆ ಅದು ಯಾರ ಮಾತು ಕೇಳಬೇಕು? ಬಯಲಿನಲ್ಲಿ ನಿಂತರೆ ಬೆಂಗಳೂರಿನಲ್ಲಿ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ಅಂತರ. ತಾರಸಿಯ ಮೇಲೆ ಅದೇ ಮೊಬೈಲು ಹತ್ತು ಹದಿನೈದು ಡಿಗ್ರಿ ಅಡ್ಡ ಹೋದದ್ದನ್ನು ನಾನೇ ನೋಡಿದ್ದೇನೆ.

ವಾಸ್ತುವಿನ ಮೇಲೆ ನನಗೆ ನಂಬಿಕೆಯಿಲ್ಲ, ಇರುವವರ ಜೊತೆ ಜಗಳವೂ ಇಲ್ಲ. ಆದರೆ ಪೂರ್ವ ಬೇಕು ಅಂದವರಿಗೆ ನಿಜವಾದ ಪೂರ್ವವೇ ಸಿಗಬೇಕು. ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸುವವರಿಗೆ ದಕ್ಷಿಣ ಬೇಕು, ಅವರಿಗೂ ಇದೇ ವಿಧಾನ. ಉಪಾಯ ನನ್ನದಲ್ಲ. ಕಾತ್ಯಾಯನ ಶುಲ್ಬಸೂತ್ರದಲ್ಲಿ, ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆ, ಯಜ್ಞವೇದಿಗೆ ಪೂರ್ವ ಗುರುತಿಸಲು ಹೇಳಿದ ಶಂಕುವಿನ ವಿಧಾನ ಇದು. ಸಮನೆಲದಲ್ಲಿ ಒಂದು ಗೂಟ ನೆಡಿ, ಸುತ್ತ ವೃತ್ತ ಎಳೆಯಿರಿ, ನೆರಳಿನ ತುದಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೊಮ್ಮೆ ವೃತ್ತವನ್ನು ಮುಟ್ಟುವ ಎರಡು ಜಾಗ ಸೇರಿಸಿ. ಆ ಗೆರೆಯೇ ಪೂರ್ವ-ಪಶ್ಚಿಮ. ಓದಲು ಎಷ್ಟು ಸುಲಭವೋ ಕೆಡಿಸಲೂ ಅಷ್ಟೇ ಸುಲಭ.

ಬೇಕಾದ್ದು: ಒಂದು ಕೇರಂ ಬೋರ್ಡು, ಬಿಳಿ ಚಾರ್ಟ್ ಪೇಪರು, ತುದಿಯಲ್ಲಿ ತೂತಿರುವ ಒಂದಡಿಯ ಸ್ಟೀಲ್ ಸ್ಕೇಲು, ಎರಡು ಇಟ್ಟಿಗೆ, ಹೊಲಿಗೆ ದಾರ, ಒಂದು ನಟ್ಟು, ಒಂದು ಗಾಜಿನ ಗೋಲಿ, ಕಪ್ಪು ಇನ್ಸುಲೇಷನ್ ಟೇಪು, ಚೂಪಾದ ಪೆನ್ಸಿಲ್ಲು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲು ಬೀಳುವ ಜಾಗ. ಡಿಸೆಂಬರಿನಿಂದ ಫೆಬ್ರುವರಿವರೆಗಿನ ನಿರ್ಮಲ ಆಕಾಶ ಸಿಕ್ಕರೆ ಇನ್ನೂ ಒಳ್ಳೆಯದು. ಜುಲೈನಲ್ಲಿ ಕೈ ಹಾಕಬೇಡಿ. ಬೆಳಗಿನ ಗುರುತು ಸಿಕ್ಕಿ ಸಂಜೆಯದು ಮೋಡಕ್ಕೆ ಹೋದರೆ ಇಡೀ ದಿನ ದಂಡ.

ಮಟ್ಟ ಮಾಡುವುದು

ತಾರಸಿಯ ನೆಲದ ಮೇಲೇ ಗೆರೆ ಎಳೆಯುತ್ತೇನೆ ಅನ್ನುವವರು ಒಂದು ಬಕೆಟ್ ನೀರು ಚೆಲ್ಲಿ ನೋಡಿ. ನೀರು ಮೂಲೆಯ ಪೈಪಿಗೆ ಓಡುತ್ತದೆ. ಓಡಲಿ ಅಂತಲೇ ಗಾರೆಯವರು ಇಳಿಜಾರು ಕೊಟ್ಟಿರುತ್ತಾರೆ. ಇಳಿಜಾರಿನ ಕಡೆ ಬಿದ್ದ ನೆರಳು ಉದ್ದವಾಗುತ್ತದೆ, ಏರಿನ ಕಡೆಯದು ಮೋಟಾಗುತ್ತದೆ. ಬೆಳಗಿನ ನೆರಳನ್ನೂ ಸಂಜೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಿಧಾನದಲ್ಲಿ ತಕ್ಕಡಿಯೇ ವಾಲಿದಂತೆ. ಆದ್ದರಿಂದ ಕೇರಂ ಬೋರ್ಡು.

ಬೋರ್ಡನ್ನು ನೆಲದ ಮೇಲಿಟ್ಟು ನಡುವೆ ಗೋಲಿ ಬಿಡಿ. ಅದು ಯಾವ ಕಡೆ ಉರುಳುತ್ತದೋ ಆ ಮೂಲೆಯ ಕೆಳಗೆ ಮಡಚಿದ ಪೇಪರು, ಹಳೆ ವಿಸಿಟಿಂಗ್ ಕಾರ್ಡು, ಏನಾದರೂ ತುರುಕಿ. ಗೋಲಿ ಬಿಟ್ಟಲ್ಲೇ ನಿಲ್ಲುವವರೆಗೂ ಇದೇ ಕೆಲಸ. ಇಪ್ಪತ್ತು ನಿಮಿಷ ಹಿಡಿಯುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಗಾರೆಯವರ ರಸಮಟ್ಟ ಸಿಕ್ಕರೆ ಎರಡೂ ದಿಕ್ಕಿಗೆ ಇಟ್ಟು ಪರೀಕ್ಷಿಸಿ. ಮೊಬೈಲಿನ ಮಟ್ಟದ ಆ್ಯಪ್ ಮಾತ್ರ ಬೇಡ. ಈಗಿನ ಮೊಬೈಲುಗಳ ಬೆನ್ನಿಗೆ ಕ್ಯಾಮೆರಾದ ಗುಬಟು ಇರುತ್ತದೆ, ಅದರ ಮೇಲೆ ಮಲಗಿಸಿದ ಮೊಬೈಲು ಹೇಗೆ ತಾನೇ ಮಟ್ಟವಾಗಿರುತ್ತದೆ? ಮಟ್ಟ ಕೂತ ಮೇಲೆ ಚಾರ್ಟ್ ಪೇಪರು ಅಂಟಿಸಿ. ಪಾಲಿಶ್ ಮಾಡಿದ ಬೋರ್ಡು ಬಿಸಿಲಿಗೆ ಕಣ್ಣು ಕುಕ್ಕುತ್ತದೆ.

ಕೋಲು ನೆಡುವ ಗೋಜು ಬಿಡಿ

ಎಲ್ಲರೂ ಎಡವುವುದು ಇಲ್ಲೇ. ಶಂಕು ಅಂದ ಕೂಡಲೇ ಒಂದು ಕೋಲು ತಂದು ನೆಟ್ಟಗೆ ನಿಲ್ಲಿಸಲು ಹೆಣಗಾಡುತ್ತಾರೆ. ಜೇಡಿಮಣ್ಣು, ಪೆನ್ ಸ್ಟ್ಯಾಂಡು, ಅಗರಬತ್ತಿ ಸ್ಟ್ಯಾಂಡು, ಎಲ್ಲವನ್ನೂ ನೋಡಿದ್ದೇನೆ. ಕೋಲು ನಿಂತಿತು ಅನ್ನಿ, ಆಗ ಎರಡನೇ ಕಾಟ: ನೆರಳಿನ ತುದಿ ಎಲ್ಲಿದೆ? ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ತುದಿ ಕತ್ತರಿಸಿದಂತೆ ಮುಗಿಯುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿ ಕರಗಿಹೋಗುತ್ತದೆ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ ಒಂದು ಮೀಟರ್ ಕೋಲಿನ ತುದಿಯ ನೆರಳು ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಮಸುಕು. ಕೋಲು ಉದ್ದವಾದಷ್ಟೂ ಲೆಕ್ಕ ನಿಖರ ಅಂತ ತಿಳಿದು ಬಾವುಟದ ಕಂಬ ಹಿಡಿದು ಬರುವವರಿಗೆ ಇದು ಗೊತ್ತಿರುವುದಿಲ್ಲ.

ನನ್ನ ಉಪಾಯ ಕೇಳಿ. ನಮಗೆ ಬೇಕಾಗಿರುವುದು ಕೋಲಲ್ಲ, ಅದರ ತುದಿ ಮತ್ತು ಆ ತುದಿಯ ಸರಿಯಾಗಿ ಕೆಳಗಿನ ಬಿಂದು. ನಡುವೆ ಏನಿದ್ದರೂ ಇಲ್ಲದಿದ್ದರೂ ಲೆಕ್ಕ ಒಂದೇ. ಬೋರ್ಡಿನ ದಕ್ಷಿಣದ ಬದಿಗೆ (ಅಂದಾಜು ದಕ್ಷಿಣ ಸಾಕು) ಒಂದು ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿ. ಒಂಬತ್ತು ಇಂಚು ಎತ್ತರ ಸಿಕ್ಕಿತು. ಅದರ ಮೇಲೆ ಸ್ಟೀಲ್ ಸ್ಕೇಲನ್ನು ಮಲಗಿಸಿ, ತೂತಿನ ತುದಿ ಬೋರ್ಡಿನ ನಡುವಿಗೆ ಚಾಚಿಕೊಳ್ಳಲಿ. ಹಿಂಬದಿ ಏಳದಂತೆ ಇನ್ನೊಂದು ಇಟ್ಟಿಗೆಯ ಚೂರು ಹೇರಿ. ಸ್ಕೇಲಿನ ತೂತು ದೊಡ್ಡದು. ಅದಕ್ಕೆ ಕಪ್ಪು ಟೇಪು ಅಂಟಿಸಿ ದಪ್ಪ ಸೂಜಿಯಿಂದ ಸಣ್ಣ ತೂತು ಮಾಡಿ. ಈಗ ಸ್ಕೇಲಿನ ನೆರಳಿನೊಳಗೆ ಒಂದು ಪುಟ್ಟ ಬೆಳಕಿನ ಬೊಟ್ಟು ಕಾಣುತ್ತದೆ. ಅದು ಸೂರ್ಯನ ಬಿಂಬವೇ. ಮಸುಕು ತುದಿಯನ್ನು ಊಹಿಸುವುದಕ್ಕಿಂತ ದುಂಡನೆಯ ಬೊಟ್ಟಿನ ನಡು ಗುರುತಿಸುವುದು ಎಷ್ಟೋ ಸುಲಭ.

ಇನ್ನು ಕೆಳಗಿನ ಬಿಂದು. ದಾರದ ತುದಿಗೆ ನಟ್ಟು ಕಟ್ಟಿ, ದಾರವನ್ನು ಸೂಜಿಯ ತೂತಿನಿಂದ ಇಳಿಬಿಡಿ. ನಟ್ಟು ಪೇಪರಿಗೆ ಕೂದಲೆಳೆಯಷ್ಟು ಮೇಲೆ ತೂಗುತ್ತಿರಬೇಕು, ತಾಗಬಾರದು. ಇದನ್ನು ಬೆಳಿಗ್ಗೆ ಎಂಟಕ್ಕೆ ಮೊದಲೇ, ಗಾಳಿ ಏಳುವ ಮುಂಚೆ ಮಾಡಿಕೊಳ್ಳಿ. ಗಾಳಿಯಿದ್ದರೆ ಮಕ್ಕಳ ಸ್ಕೂಲ್ ಬ್ಯಾಗನ್ನು ಅಡ್ಡ ಇಡಿ. ನಟ್ಟಿನ ಕೆಳಗೆ ಗುರುತು ಹಾಕಿ, ಪಕ್ಕಕ್ಕೆ ಬಂದು ಇನ್ನೊಂದು ಕಡೆಯಿಂದ ನೋಡಿ ತಿದ್ದಿ. ಒಂದೇ ಕಡೆಯಿಂದ ನೋಡಿ ಹಾಕಿದ ಗುರುತು ಯಾವಾಗಲೂ ಸ್ವಲ್ಪ ಆಚೀಚೆ ಇರುತ್ತದೆ. ಆಮೇಲೆ ದಾರ ಎಳೆದುಕೊಳ್ಳಿ. ಇಟ್ಟಿಗೆಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಡಿ. ಕಳೆದ ವರ್ಷ ನಮ್ಮ ತಾರಸಿಯಲ್ಲಿ ಒಂದು ಕಾಗೆ ಸ್ಕೇಲಿನ ಮೇಲೆ ಬಂದು ಕೂತಿತ್ತು. ಗೆರೆಯಿದ್ದುದರಿಂದ ಇಟ್ಟಿಗೆ ಸರಿದದ್ದಾದರೂ ಗೊತ್ತಾಯಿತು.

ವೃತ್ತ, ಗುರುತು, ಗೆರೆ

ಆ ಬಿಂದುವನ್ನು ನಡುವಾಗಿಟ್ಟುಕೊಂಡು 20, 25, 30 ಸೆಂಟಿಮೀಟರಿನ ಮೂರು ವೃತ್ತ ಎಳೆಯಿರಿ. ಒಂದೇ ಸಾಕಲ್ಲ ಅನ್ನಬೇಡಿ, ಮಿಕ್ಕೆರಡು ಮೋಡಕ್ಕೆ ಕಟ್ಟುವ ವಿಮೆ. ದಾರ ಹಿಡಿದು ಎಳೆದರೆ ಜಗ್ಗುತ್ತದೆ. ರಟ್ಟಿನ ಪಟ್ಟಿಗೆ ಎರಡು ತೂತು ಮಾಡಿ, ಒಂದಕ್ಕೆ ಗುಂಡುಪಿನ್ನು, ಇನ್ನೊಂದಕ್ಕೆ ಪೆನ್ಸಿಲ್ಲು ಹಾಕಿ ತಿರುಗಿಸಿ.

ಬೆಳಿಗ್ಗೆ ಬೊಟ್ಟು ಪಶ್ಚಿಮದ ಕಡೆಯಿಂದ ಒಳಗೆ ಬರುತ್ತದೆ. ಪ್ರತಿ ವೃತ್ತವನ್ನು ದಾಟುವ ಕ್ಷಣಕ್ಕೆ ಗುರುತು ಹಾಕಿ. ಮಧ್ಯಾಹ್ನದ ಮೇಲೆ ಪೂರ್ವದ ಕಡೆ ಹೊರಗೆ ಹೋಗುವಾಗ ಮತ್ತೆ ಮೂರು ಗುರುತು. ಡಿಸೆಂಬರಿನಲ್ಲಿ ಒಳಗಿನ ವೃತ್ತವನ್ನು ಹತ್ತೂವರೆ ದಾಟಿದ ಮೇಲೆ ಮುಟ್ಟುತ್ತದೆ, ಆದ್ದರಿಂದ ತಿಂಡಿ ತಿಂದು ನಿಧಾನವಾಗಿ ಬನ್ನಿ. ಆದರೆ ಎರಡು ಗಂಟೆಗೆ ಮೊದಲೇ ಮತ್ತೆ ಕಾವಲು ಕೂರಬೇಕು. ಊಟ ಮಾಡಿ ಒರಗಿದವರು ಎದ್ದು ಬರುವಷ್ಟರಲ್ಲಿ ಬೊಟ್ಟು ವೃತ್ತದ ಆಚೆ ಇರುತ್ತದೆ. ಇದು ಅನುಭವದ ಮಾತು.

ಒಂದೊಂದು ವೃತ್ತದ ಎರಡು ಗುರುತುಗಳನ್ನು ಸೇರಿಸಿ. ಮೂರು ಗೆರೆಯೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಕೆಲಸ ಗೆದ್ದಿರಿ. ಒಂದು ಮಾತ್ರ ಸೊಟ್ಟಗಿದ್ದರೆ ಅದನ್ನು ಬಿಡಿ; ಮೂರೂ ಬೇರೆ ಬೇರೆ ದಿಕ್ಕು ಹಿಡಿದರೆ ಕಾಗೆ ಬಂದಿತ್ತು ಅಂತ ಅರ್ಥ. ಹಗಲಿನಲ್ಲಿ ಸೂರ್ಯ ತಾನೇ ಉತ್ತರಕ್ಕೋ ದಕ್ಷಿಣಕ್ಕೋ ಚೂರು ಸರಿಯುತ್ತಾನಲ್ಲ, ಅದರ ಕಥೆಯೇನು ಅಂತ ಲೆಕ್ಕದ ಮೇಷ್ಟರು ಯಾರಾದರೂ ಕೇಳಬಹುದು. ಹೆಚ್ಚೆಂದರೆ ಮಾರ್ಚ್, ಸೆಪ್ಟೆಂಬರುಗಳಲ್ಲಿ ಗಂಟೆಗೆ ಡಿಗ್ರಿಯ ಅರವತ್ತನೇ ಒಂದು ಭಾಗ. ಗೋಡೆಗೆ ಬೇಕಾದ ಪೂರ್ವಕ್ಕೆ ಅದು ಲೆಕ್ಕಕ್ಕಿಲ್ಲ.

ಅಡ್ಡದಾರಿಗಳು

ಸೂರ್ಯ ಹುಟ್ಟುವ ಕಡೆ ಕೈ ತೋರಿಸಿದರೆ ಆಯಿತಲ್ಲ ಅನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಸೂರ್ಯ ನಿಜವಾದ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಹುಟ್ಟುತ್ತಾನೆ. ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ಮುಳುಗುವುದೂ ಹಾಗೇ. ಸಂಕ್ರಾಂತಿಯ ಸಂಜೆ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಬಿಸಿಲಿನ ಕೋಲು ನಂದಿಯ ಕೊಂಬುಗಳ ನಡುವಿನಿಂದ ಲಿಂಗದ ಮೇಲೆ ಬೀಳುವುದನ್ನು ನೋಡಲು ಊರೇ ಸೇರುತ್ತದೆ. ಅವತ್ತು ಸೂರ್ಯ ಮುಳುಗುವುದು ಪಶ್ಚಿಮಕ್ಕಿಂತ 22 ಡಿಗ್ರಿ ದಕ್ಷಿಣಕ್ಕೆ.

ಎರಡನೇ ಅಡ್ಡದಾರಿ, ಹನ್ನೆರಡು ಗಂಟೆಗೆ ನೆರಳು ನೇರ ಉತ್ತರಕ್ಕಿರುತ್ತದೆ ಅನ್ನುವುದು. ನಮ್ಮ ಗಡಿಯಾರ ನಮ್ಮ ಊರಿನದಲ್ಲ. 1906ರ ಜನವರಿ 1ರಿಂದ ಬಂದ ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. ಅಷ್ಟಕ್ಕೇ ಇಪ್ಪತ್ತು ನಿಮಿಷದ ಅಂತರ. ಮುಂಬಯಿಯವರು 1955ರವರೆಗೂ ತಮ್ಮ ಊರಿನ ಸಮಯವನ್ನೇ ಹಿಡಿದುಕೊಂಡಿದ್ದರು, ನಮಗೆ ಅಷ್ಟು ಹಟ ಇರಲಿಲ್ಲ. ಇದರ ಮೇಲೆ ಭೂಮಿಯ ಓರೆ ಅಕ್ಷ, ಅಂಡಾಕಾರದ ದಾರಿ ಸೇರಿ ಬೆಂಗಳೂರಿನ ನಿಜವಾದ ನಡುಹಗಲು ನವೆಂಬರ್ ಮೊದಲ ವಾರ 12:03ಕ್ಕೆ, ಫೆಬ್ರುವರಿ ನಡುವಿಗೆ 12:34ಕ್ಕೆ ಬರುತ್ತದೆ.

ಇನ್ನು ‘ನೇರ ಉತ್ತರಕ್ಕೆ’ ಅನ್ನುವ ಮಾತು. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮತ್ತೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಆ ಎರಡರ ನಡುವಿನ ದಿನಗಳಲ್ಲಿ ನಡುಹಗಲಿನ ನೆರಳು ಬೀಳುವುದು ದಕ್ಷಿಣಕ್ಕೆ! ಮೇ ತಿಂಗಳ ರಜೆಯಲ್ಲಿ ಈ ಪ್ರಯೋಗ ಮಾಡಿದ ಪಕ್ಕದ ಮನೆಯ ಹುಡುಗಿ, ‘ಆಂಟಿ, ಎಲ್ಲಾ ಉಲ್ಟಾ ಬರ್ತಿದೆ’ ಅಂತ ಅಳುಮುಖ ಮಾಡಿಕೊಂಡು ಬಂದಿದ್ದಳು. ಅವಳದು ಸರಿಯಾಗಿಯೇ ಇತ್ತು.

ನಕ್ಷೆಯ ಆ್ಯಪಿನಲ್ಲಿ ಉಪಗ್ರಹದ ಚಿತ್ರ ತೆರೆದು ಸ್ವಂತ ಮನೆಯ ಗೋಡೆ ಎತ್ತ ತಿರುಗಿದೆ ಅಂತ ನೋಡುವುದು ಮಾತ್ರ ಮರ್ಯಾದಸ್ಥ ಅಡ್ಡದಾರಿ. ಅಲ್ಲಿನ ಉತ್ತರ ನಿಜವಾದ ಉತ್ತರವೇ. ಸೋಮಾರಿಗಳು ಅದನ್ನೇ ಮಾಡಲಿ. ಆದರೆ ಮನೆ ಕಟ್ಟುವ ಮೊದಲು ಖಾಲಿ ಸೈಟಿನಲ್ಲಿ ಅದೂ ಕೈಕೊಡುತ್ತದೆ, ನೋಡಲು ಗೋಡೆಯೇ ಇರುವುದಿಲ್ಲವಲ್ಲ.

ಬೋರ್ಡು ಹೇಗೂ ಸಿದ್ಧವಿದೆ, ಸೆಪ್ಟೆಂಬರ್ 23ಕ್ಕೆ ಇನ್ನೊಂದು ಕೆಲಸ ಮಾಡಿ. ಸ್ಕೇಲಿನ ತೂತು ಪೇಪರಿನಿಂದ ಸರಿಯಾಗಿ 12 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಇಟ್ಟು, ನಡುಹಗಲಿಗೆ ಬೊಟ್ಟು ಕೆಳಗಿನ ಬಿಂದುವಿನಿಂದ ಎಷ್ಟು ದೂರ ಅಂತ ಅಳೆಯಿರಿ. 2.76 ಸೆಂಟಿಮೀಟರ್ ಆಸುಪಾಸು ಬರಬೇಕು. ಪಂಚಾಂಗದ ಲೆಕ್ಕದವರು ಪಲಭಾ ಅನ್ನುವುದು ಇದಕ್ಕೇ: 12 ಅಂಗುಲದ ಶಂಕುವಿಗೆ ಬೆಂಗಳೂರಿನಲ್ಲಿ 2 ಅಂಗುಲ 46 ವ್ಯಂಗುಲ (ಅಂಗುಲದ ಅರವತ್ತನೇ ಒಂದು ಭಾಗ ವ್ಯಂಗುಲ). ಊರು ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ, ಏಕೆಂದರೆ ಇದು ಊರಿನ ಅಕ್ಷಾಂಶದ ಇನ್ನೊಂದು ರೂಪ.

ಗೆರೆಯನ್ನು ಗೋಡೆಗೆ ಸಾಗಿಸುವುದು ಕೊನೆಯ ಕೆಲಸ. ಬೋರ್ಡನ್ನು ಅಲುಗಾಡಿಸದೆ, ಪೂರ್ವದ ಗೆರೆಯ ಮೇಲೆ ಉದ್ದದ ದಾರ ಬಿಗಿಯಾಗಿ ಹಿಡಿದು ಪ್ಯಾರಪೆಟ್ ಗೋಡೆಯವರೆಗೆ ಎಳೆಯಿರಿ, ಅಲ್ಲಿ ಕೋನಮಾಪಕದಿಂದ ಕೋನ ಅಳೆಯಿರಿ. ಭಾವಮೈದನ ಮನೆಯಲ್ಲಿ ಹೀಗೆ ಅಳೆದಾಗ, ಮೊದಲು ಒಡೆಸಿದ ಗೋಡೆಯೇ ಹೆಚ್ಚು ಸರಿಯಾಗಿತ್ತು ಅಂತ ತಿಳಿಯಿತು. ಅವನಿಗೆ ಇನ್ನೂ ಹೇಳಿಲ್ಲ.