ಹಳೆಯ ಸ್ಪೀಡ್‌ಬೋಟ್ ಕೊಳ್ಳುವಾಗ ಮೊದಲು ಹಿಂಬದಿ ನೋಡಿ

ಹಾಸನದ ಕಡೆಯವರು ಹಳೆಯ ಸ್ಪೀಡ್‌ಬೋಟ್ ಹುಡುಕಿಕೊಂಡು ಹೊರಟರೆ ಬಹುಮಟ್ಟಿಗೆ ಘಟ್ಟ ಇಳಿದು ಕರಾವಳಿಗೇ ಹೋಗಬೇಕಾಗುತ್ತದೆ. ಅಲ್ಲಿ ಮಾರುವವರು ಮೊದಲು ತೋರಿಸುವುದು ಇಂಜಿನ್ನನ್ನು. ಕೊಳ್ಳುವವರು ಮೊದಲು ನೋಡಬೇಕಾದುದು ಒಡಲನ್ನು. ಇಂಜಿನ್ ಕೆಟ್ಟಿದ್ದರೆ ಬಿಚ್ಚಿ ಬೇರೆಯದನ್ನು ಕೂರಿಸಬಹುದು, ಆದರೆ ಫೈಬರ್ ಪದರದೊಳಗಿನ ಮರ ಕೊಳೆತಿದ್ದರೆ ಅದನ್ನು ಸರಿಪಡಿಸುವ ಖರ್ಚು ಎಷ್ಟೋ ಸಲ ಬೋಟಿನ ಬೆಲೆಯನ್ನೇ ಮೀರುತ್ತದೆ.

ಇಂಜಿನ್ ತೂಗುವ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಹಳೆಯ ಬೋಟುಗಳಲ್ಲಿ ಇದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ಹಾಕಿದ ತೂತುಗಳಿಂದ ನೀರು ಇಳಿದು ಅದು ಒಳಗೊಳಗೇ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಹೋದರೆ ಗಟ್ಟಿ ಜಾಗ ಟಣ್ಣೆನ್ನುತ್ತದೆ, ಕೊಳೆತ ಜಾಗ ಒದ್ದೆ ಹಲಗೆಯ ಹಾಗೆ ದಬ್ಬೆನ್ನುತ್ತದೆ. ಔಟ್‌ಬೋರ್ಡ್ (ಗೋಡೆಯ ಹೊರಗೆ ತೂಗುವ) ಇಂಜಿನ್ ಆಗಿದ್ದರೆ ಅದನ್ನು ಅರ್ಧ ಮೇಲೆತ್ತಿ, ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಗೋಡೆಯೂ ಅದರೊಂದಿಗೆ ಬಾಗುವುದೇ ಎಂದು ಇನ್ನೊಬ್ಬರು ಪಕ್ಕದಿಂದ ಗಮನಿಸಲಿ.

ವೇಗದ ಬೋಟಿಗೇ ವಿಶೇಷವಾದ ಇನ್ನೊಂದು ದೋಷವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಟ್ರೈಲರಿನ ಆಸರೆ ಸರಿಯಿಲ್ಲದೆ ವರ್ಷಗಟ್ಟಲೆ ನಿಂತ ಬೋಟಿನ ತಳ ಹಿಂಭಾಗದಲ್ಲಿ ಒಳಕ್ಕೆ ತಗ್ಗಿರುತ್ತದೆ; ಹಾಗಾದಾಗ ಓಟದಲ್ಲಿ ಮೂತಿ ಕೆಳಗೊತ್ತಿ ವೇಗ ಕುಗ್ಗುತ್ತದೆ. ಗಾರೆ ಕೆಲಸದವರ ಆರಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂಬದಿಯಿಂದ ಮುಂದಕ್ಕೆ ತಳಕ್ಕೆ ಒತ್ತಿ ಹಿಡಿದು, ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡಿದರೆ ಸಾಕು.

ಇಂಜಿನ್ ನೋಡುವಾಗ ಅದು ತಣ್ಣಗಿರಲೇಬೇಕು; ಬಿಸಿಯಾಗಿದ್ದರೆ ಸ್ಟಾರ್ಟ್ ಆಗುವ ತೊಂದರೆ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ನೋಡಲು ಹೋದ ಬೋಟ್ ಒಂದೇ ಸ್ವಿಚ್ಚಿಗೆ ಸ್ಟಾರ್ಟ್ ಆಯಿತೆಂದು ಹಿಗ್ಗಿದ್ದೆ. ಕವಚ ತೆಗೆದು ಮುಟ್ಟಿದಾಗ ಅದು ನಮ್ಮನ್ನು ಕಾಯುತ್ತಾ ಆಗಲೇ ಬಿಸಿಯಾಗಿ ಕುಳಿತಿತ್ತು. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಯಿಸಿ, ಒಂದಕ್ಕೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣ ತಿಳಿಯದೆ ಮುಂದುವರಿಯಬೇಡಿ. ಗೇರ್ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಉಪ್ಪುನೀರಿನಲ್ಲಿ ಓಡಿದ ಇನ್‌ಬೋರ್ಡ್ (ಒಡಲೊಳಗೆ ಕೂರಿಸಿದ) ಇಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಬಿಡುವ ಕೊಳವೆ) ಹೊರಗೆ ಹೊಸ ಬಣ್ಣ ಕಂಡರೂ ಒಳಗಿನಿಂದ ತುಕ್ಕು ತಿಂದಿರಬಹುದು. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ಇಂಧನ ಪೈಪುಗಳನ್ನು ಹಾಳುಮಾಡುವುದರಿಂದ, ಅವನ್ನು ಬದಲಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಸಮುದ್ರದಲ್ಲಿ ಕಂಡ ವೇಗ ಗೊರೂರಿನಲ್ಲಿ ಸಿಗುವುದಿಲ್ಲ. ಅಲ್ಲಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಪ್ರತಿ ಸಾವಿರ ಅಡಿ ಏರಿದಂತೆ ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿ ಸುಮಾರು ಶೇ. 3ರಷ್ಟು ಕುಗ್ಗುವುದರಿಂದ, ಇಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತೆಂದೇ ಎಣಿಸಬೇಕು. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೊತ್ತುವ ದೂರ) ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಮರಳಿ ಸಿಗುತ್ತದೆ.

ಕಾಗದಪತ್ರಗಳಲ್ಲಿನ ಒಡಲಿನ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳು ಬೋಟಿನ ಮೇಲಿರುವವಕ್ಕೆ ಹೊಂದುತ್ತವೆಯೇ ಎಂದು ನೀವೇ ಓದಿ ನೋಡಿ. 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ ಹೇಗೆ, ಹಿನ್ನೀರಿಗೆ ಇಳಿಸಲು ನೀರಾವರಿ ನಿಗಮದ ಅನುಮತಿ ಸಿಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಟ್ರೈಲರ್. ಉಪ್ಪುನೀರಿನಲ್ಲಿ ಮುಳುಗಿ ಎದ್ದ ಚಕ್ರದ ಬೇರಿಂಗ್ ಶಿರಾಡಿ ಘಾಟಿಯ ನಡುವೆ ಕೈಕೊಟ್ಟರೆ ಬೋಟನ್ನು ಬದಿಗೆ ಎಳೆದು ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಆದ್ದರಿಂದ ಹೊಸ ಗ್ರೀಸ್ ತುಂಬಿಸಿಯೇ ಹೊರಟು, ಘಟ್ಟ ಹತ್ತುವ ಮೊದಲು ಗುಂಡ್ಯದಲ್ಲಿ ನಿಂತು ಪ್ರತಿ ಚಕ್ರದ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲೇ ಬಿಚ್ಚಿಸಿ.