ಮೆಕ್ಕೆಜೋಳದ ನಡುವಿನ ಹಳೇ ಸ್ಮಶಾನ

ಅಮೆರಿಕದ ಇಲಿನಾಯ್‌ ರಾಜ್ಯದ ಬ್ಲೂಮಿಂಗ್ಟನ್ನಿಗೆ ನಾನು ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ನಡುವೆ ಅಲ್ಲೊಂದು ಇಲ್ಲೊಂದು ಕಡೆ ನಾಲ್ಕು ಸೀಡರ್ ಮರ, ಸುತ್ತ ಬೇಲಿ. ನಮ್ಮ ಕಡೆ ಹೊಲದ ಮಧ್ಯೆ ಮರದ ಗುಂಪು ಕಂಡರೆ ಮುನೇಶ್ವರನ ಗುಡಿ ಇರಬೇಕು ಅಂತೀವಿ, ಅಲ್ವಾ? ಇಲ್ಲಿ ಅದು ಮೊದಮೊದಲು ಬಂದು ನೆಲೆಸಿದವರ ಸ್ಮಶಾನ. ಅಂಥ ಒಂದರ ಚರಿತ್ರೆ ಬರೆಯಲು ಕೂತೆ. ಕಲ್ಲು ಓದಿ ಬರೆದುಕೊಂಡರೆ ಮುಗೀತು, ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಎರಡು ವರ್ಷವಾಯಿತು.

ಶುರುವಿನಲ್ಲೇ ಎಡವಿದೆ. ಒಂದು ಗಿಡ್ಡ ಕಲ್ಲಿನ ಮೇಲೆ ಕುರಿಮರಿ ಮಲಗಿತ್ತು. ಕುರಿಮರಿ ಇದ್ದರೆ ಸಾಮಾನ್ಯವಾಗಿ ಮಗುವಿನ ಗೋರಿ. ಅಮೃತಶಿಲೆ ಮಳೆಗೆ ಕರಗಿ, ಮುಟ್ಟಿದರೆ ಸಕ್ಕರೆಯಂತೆ ಉದುರುತ್ತಿತ್ತು. ‘ಆಗಸ್ಟ್ 14, 1819’ ಎಂದು ಓದಿ ಬರೆದುಕೊಂಡೆ. ರಾತ್ರಿ ಪಟ್ಟಿ ನೋಡುವಾಗ ಅನುಮಾನ ಬಂತು. ಈ ಮೆಕ್ಲೀನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮೊದಲ ಬಿಳಿಯರ ಕುಟುಂಬ ಬಂದಿದ್ದೇ 1822ರಲ್ಲಿ. 1819ರ ಜುಲೈನಲ್ಲಿ ಅಮೆರಿಕ ಸರ್ಕಾರದವರು ಎಡ್ವರ್ಡ್ಸ್‌ವಿಲ್ ಒಪ್ಪಂದದ ಕಾಗದಕ್ಕೆ ಇಲ್ಲಿನ ಮೂಲನಿವಾಸಿ ಕಿಕಪೂ ಜನರಿಂದ ಸಹಿ ಹಾಕಿಸಿಕೊಂಡು ಈ ನೆಲ ಪಡೆದಿದ್ದರು. ‘ಮೊದಲು ಬಂದವರು’ ಅಂತ ನಾನೂ ಸುಮ್ನೆ ಬರೆದುಬಿಟ್ಟೆ ನೋಡಿ.

ಮುಂದಿನ ಶನಿವಾರ ಬಾತ್‌ರೂಮಿನ ಕನ್ನಡಿ ಬಿಚ್ಚಿಕೊಂಡು ಹೋದೆ. ಬಿಸಿಲನ್ನು ಕಲ್ಲಿನ ಮೇಲೆ ಅಡ್ಡಡ್ಡ ಬೀಳಿಸಿದರೆ ಸವೆದ ಗೀರುಗಳಲ್ಲೂ ನೆರಳು ನಿಲ್ಲುತ್ತದೆ. 1 ಅಲ್ಲ, 4. ಅಂದರೆ 1849. ಕೆಲವರು ಸೀಮೆಸುಣ್ಣ ಉಜ್ಜುತ್ತಾರೆ, ಬ್ಲೀಚ್ ಹಾಕಿ ತಂತಿ ಬ್ರಷ್ಷಿನಲ್ಲಿ ತಿಕ್ಕುತ್ತಾರೆ. ಹಾಗೆ ತಿಕ್ಕಿದ ಒಂದು ಕಲ್ಲಿನಲ್ಲಿ ಈಗ ಒಂದಕ್ಷರವೂ ಉಳಿದಿಲ್ಲ. ನೀರು, ಮೆತ್ತನೆ ಬ್ರಷ್ಷು, ಜಾಸ್ತಿ ತಾಳ್ಮೆ. ಅಷ್ಟೇ ಸಾಕು.

ಕೆಳಗಡೆ ‘1 ವರ್ಷ 3 ತಿಂಗಳು 9 ದಿನ’ ಎಂದಿತ್ತು. ಆಗಿನವರು ಹುಟ್ಟಿದ ದಿನದ ಬದಲು ವಯಸ್ಸನ್ನೇ ದಿನದ ಲೆಕ್ಕದಲ್ಲಿ ಕೆತ್ತಿಸುತ್ತಿದ್ದರು. ಹಿಂದಕ್ಕೆ ಎಣಿಸಿದರೆ ಮಗು ಹುಟ್ಟಿದ್ದು 1848ರ ಮೇ 5.

ಹೇಗೆ ಸತ್ತಿತು ಅನ್ನೋದು ಕಲ್ಲಿನಲ್ಲಿಲ್ಲ. 1850ರ ಜನಗಣತಿಯಲ್ಲಿ, ಜೂನ್ 1ಕ್ಕೆ ಮುಂಚಿನ 12 ತಿಂಗಳಲ್ಲಿ ತೀರಿಕೊಂಡವರದ್ದೇ ಬೇರೆ ಪಟ್ಟಿ ಮಾಡಿದ್ದರು. ವಯಸ್ಸು, ತಿಂಗಳು, ಕಾಯಿಲೆ, ಎಷ್ಟು ದಿನ ಮಲಗಿದ್ದರು, ಎಲ್ಲ ಇದೆ. ಕೈಬರಹ ಮಾತ್ರ ನಮ್ಮ ಡಾಕ್ಟರ್ ಚೀಟಿಗಿಂತ ಅತ್ತತ್ತ. ಮಗುವಿನ ಸಾಲು ಸಿಕ್ಕಿತು: ಕಾಲರಾ, 1 ದಿನ. ಆ ವರ್ಷ ಕಾಲರಾ ನದಿ ದೋಣಿಗಳಲ್ಲಿ, ವಲಸೆ ಗಾಡಿಗಳಲ್ಲಿ ಊರೂರು ತಿರುಗಿತ್ತು.

ಅದರ ಕೆಳಗಿನ ಸಾಲಿನಲ್ಲಿ ಅದೇ ಅಡ್ಡಹೆಸರಿನ ಹೆಂಗಸು. 24 ವರ್ಷ, ಅದೇ ತಿಂಗಳು, ಅದೇ ಕಾಯಿಲೆ. ಅವಳ ಹೆಸರಿನ ಕಲ್ಲು ಸ್ಮಶಾನದಲ್ಲಿ ಎಲ್ಲೂ ಇಲ್ಲ.

ಈ ಜಾಗಕ್ಕೆ ನೇಗಿಲು ತಾಕಿಲ್ಲ. ಹಾಗಾಗಿ ಹಳೇ ಪ್ರೇರಿ ಹುಲ್ಲು, ಅಂದರೆ ಉಳುಮೆಗೆ ಮುಂಚೆ ಈ ಬಯಲಲ್ಲಿದ್ದ ಹುಲ್ಲು, ಇನ್ನೂ ಎದೆಯೆತ್ತರ ಬೆಳೆಯುತ್ತದೆ. ಇದೇ ಕೌಂಟಿಯ ವೆಸ್ಟನ್ ಸ್ಮಶಾನದ 5 ಎಕರೆಯನ್ನು ಆ ಹುಲ್ಲಿಗಾಗಿಯೇ ಕಾಪಾಡಿದ್ದಾರೆ. ಹುಲ್ಲು ಒಣಗಿ ಬಿದ್ದ ಮೇಲೆ, ಮಾರ್ಚಿನಲ್ಲಿ, ನೆಲ ಚೆನ್ನಾಗಿ ಕಾಣುತ್ತದೆ. ಕುರಿಮರಿ ಕಲ್ಲಿನ ಬಲಕ್ಕೆ ಆರಡಿ ಉದ್ದ ನೆಲ ತಗ್ಗಿದೆ. ಹಿಮ ಕರಗಿದಾಗ ಅಲ್ಲಿ ನೀರು ನಿಂತಿತ್ತು. ನನ್ನ ನಕ್ಷೆಯಲ್ಲಿ ಆ ತಗ್ಗಿನ ಮೇಲೆ ಪೆನ್ಸಿಲಿನಲ್ಲಿ ಅವಳ ಹೆಸರು ಬರೆದು, ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದೇನೆ.