ಇಂಗ್ಲಿಷ್ ಪದಗಳನ್ನು ಜೊತೆಪದಗಳೊಂದಿಗೆ ಕಲಿಯುವ ಕ್ರಮ

ಬಿಡಿ ಪದಗಳ ಪಟ್ಟಿಯನ್ನು ಉರುಹೊಡೆದರೆ ಅರ್ಥ ತಿಳಿಯುತ್ತದೆ, ಮಾತು ಬರುವುದಿಲ್ಲ. ‘ಮಿಸ್ಟೇಕ್’ ಎಂದಷ್ಟೇ ಕಲಿತವರು ‘ಡೂ ಎ ಮಿಸ್ಟೇಕ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಮೇಕ್ ಎ ಮಿಸ್ಟೇಕ್’. ಹೀಗೆ ರೂಢಿಯಲ್ಲಿ ಒಟ್ಟಿಗೇ ಬರುವ ಪದಗಳೇ ಜೊತೆಪದಗಳು. ಕನ್ನಡದಲ್ಲಿ ತಪ್ಪಿಗೂ ಕೆಲಸಕ್ಕೂ ‘ಮಾಡು’ ಒಂದೇ ಸಾಕಾಗುವುದರಿಂದ ಈ ಎಡವಟ್ಟು. ‘ಡಿಸ್ಕಸ್ ಅಬೌಟ್’ ಕೂಡ ಹಾಗೆಯೇ, ನಮ್ಮ ‘ಬಗ್ಗೆ’ ಅಲ್ಲಿಗೂ ನುಸುಳಿಬಿಡುತ್ತದೆ. ‘ಡಿಸ್ಕಸ್ ದ ಪ್ಲಾನ್’ ಅಂದರೆ ಸಾಕು.

ಇಂಥ ಜೊತೆಪದಗಳಿಗೆ ದಿನಕ್ಕೆ ಐದೇ ಚೀಟಿ ಮಾಡಿ. ಮುಂದೆ ಕನ್ನಡ ವಾಕ್ಯ, ಹಿಂದೆ ಇಡೀ ಇಂಗ್ಲಿಷ್ ವಾಕ್ಯ. ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ತಿರುಗಿಸಿ. ಸುಮ್ಮನೆ ಓದುತ್ತಾ ಹೋದರೆ ಬಂದಂತೆ ಅನಿಸುತ್ತದೆ, ಅಷ್ಟೇ.

ಮೂರು ಡಬ್ಬಿ ಇಡಿ: ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆರೆಯಿರಿ. ಸರಿಯಾಗಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಎಲ್ಲೇ ಇದ್ದರೂ ಮತ್ತೆ ಮೊದಲನೆಯದಕ್ಕೆ.

ಕಲಿಸುವವರು ‘ಬಾರೋ’ (borrow, ಸಾಲ ಪಡೆ), ‘ಲೆಂಡ್’ (lend, ಸಾಲ ಕೊಡು) ಎರಡನ್ನೂ ಒಂದೇ ದಿನ ಹೇಳಿಕೊಡಬೇಡಿ. ಜೋಡಿಯಾಗಿ ಬಂದ ಪದಗಳು ಕಲಸಿಹೋಗಿ, ಯಾವುದು ಕೊಡುವುದು, ಯಾವುದು ಪಡೆಯುವುದು ಎಂಬ ಗೊಂದಲ ಬಹುಕಾಲ ಉಳಿಯುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಇನ್ನು ಇಂಗ್ಲಿಷ್ ನುಡಿಗಟ್ಟುಗಳನ್ನು (ಇಡಿಯಮ್) ಕಲಿಯುವವರು ಕೇಳಿ ಗುರುತಿಸಿದರೆ ಸದ್ಯಕ್ಕೆ ಸಾಕು, ಮಾತಿನಲ್ಲಿ ಬಳಸಬೇಕಿಲ್ಲ.